ರೊಟ್ಟಿ ಜೊತೆ ಚಹಾ, ಚಹಾದ ಮೇಲೆ ಮಸಾಲೆ ಪುಡಿ: ಅವ್ವನಿಗೆ ಇದು ನಡೆಯುತ್ತಾ?

ಸೇಡಂ ರೋಡಿನ ಮಗಳು
ಎಲ್ಲರಿಗೂ ಶರಣು. ಅವ್ವನ ಚಹಾದ ಸಲುವಾಗಿ ಮನೆಯಲ್ಲಿ ದಿನಾ ಜಗಳ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಅವ್ವನಿಗೆ ಅರವತ್ತರ ಹತ್ತಿರ. ರಕ್ತ ಕಡಿಮೆ ಇದೆ, ಹಿಮೋಗ್ಲೋಬಿನ್ 9ರ ಆಸುಪಾಸು. ಡಾಕ್ಟರು ಕಬ್ಬಿಣದ ಗುಳಿಗೆ ಕೊಟ್ಟಿದ್ದಾರೆ. ಬಿಪಿ ಗುಳಿಗೆ ಮೊದಲಿಂದಲೂ ನಡೆದಿದೆ. ಚಹಾ ಮಾತ್ರ ಯಾರ ಮಾತಿಗೂ ನಿಲ್ಲುವುದಿಲ್ಲ. ಎದ್ದ ಕೂಡಲೇ ಒಂದು, ರೊಟ್ಟಿ ಜೊತೆ ಒಂದು, ಪಕ್ಕದ ಮನೆಯವರು ಬಂದರೆ ಅವರ ನೆಪದಲ್ಲಿ ಇನ್ನೊಂದು. ಗುಳಿಗೆಯನ್ನೂ ಚಹಾದಲ್ಲೇ ನುಂಗುತ್ತಾಳೆ. ನೀರಿನಲ್ಲಿ ಗಂಟಲಿಂದ ಇಳಿಯಲ್ಲವಂತೆ!

ಈಗ ಹೊಸದೊಂದು ಸೇರಿದೆ. ಜಾತ್ರೆಯಲ್ಲಿ ಯಾರೋ ಮಾರುತ್ತಿದ್ದ ಮಸಾಲೆ ಚಹಾ ಪುಡಿ ತಂದಿದ್ದಾಳೆ. ಶುಗರ್ ಇಳಿಯುತ್ತದೆ, ಬಿಪಿ ಇಳಿಯುತ್ತದೆ, ಮೊಣಕಾಲು ನೋವು ಹೋಗುತ್ತದೆ, ರಕ್ತ ಶುದ್ಧಿಯಾಗುತ್ತದೆ ಅಂತ ಡಬ್ಬಿ ತುಂಬಾ ಬರೆದಿದೆ. ಹಿಂದುಗಡೆ ಸಣ್ಣ ಅಕ್ಷರದಲ್ಲಿ ಒಣಶುಂಠಿ, ಕಾಳುಮೆಣಸು, ದಾಲ್ಚಿನ್ನಿ, ಲವಂಗ, ಯಾಲಕ್ಕಿ, ತುಳಸಿ, ಜೇಷ್ಠಮಧು ಅಂತ ಇದೆ. ಕಪ್ಪಿಗೊಂದು ಚಮಚ ಹಾಕಿ ಕುಡಿಯುತ್ತಾಳೆ. ಏನಾದರೂ ಅಂದರೆ "ನಾ ಚಹಾ ಎಲ್ಲಿ ಕುಡೀತೀನಿ, ಔಷಧ ಕುಡೀತೀನಿ" ಅನ್ನುತ್ತಾಳೆ.

ಚಹಾದಿಂದ ನಿಜವಾಗಿ ಏನಾದರೂ ಲಾಭ ಇದೆಯಾ? ಈ ಮಸಾಲೆಯಿಂದ ಇದೆಯಾ? ಪೂರ್ತಿ ಬಿಡಿಸಬೇಕಾ?

ಗಂಜ್ ಬಸ್ಯಾ
ಬಿಡಿಸೋಕೆ ಹೋಗಬೇಡ್ರಿ ಅಕ್ಕಾ. ಅವ್ವ ಮನೆ ಬಿಟ್ಟಾಳು, ಚಹಾ ಬಿಡಲ್ಲ.

ಹಳೇ ಗುಲ್ಬರ್ಗ
ಪೂರ್ತಿ ಬಿಡಿಸುವ ಅಗತ್ಯ ಏನೂ ಇಲ್ಲ. 2022ರಲ್ಲಿ ಬ್ರಿಟನ್ನಿನ ಸುಮಾರು 5 ಲಕ್ಷ ಜನರ ಮಾಹಿತಿ ಇಟ್ಟುಕೊಂಡು ಒಂದು ದೊಡ್ಡ ಅಧ್ಯಯನ ಬಂತು. ದಿನಕ್ಕೆ ಎರಡು ಕಪ್ ಅಥವಾ ಅದಕ್ಕಿಂತ ಜಾಸ್ತಿ ಚಹಾ ಕುಡಿಯುವವರಲ್ಲಿ ಸಾವಿನ ಅಪಾಯ ಶೇ. 9ರಿಂದ 13ರಷ್ಟು ಕಡಿಮೆ ಕಂಡಿತ್ತು. ಅದೂ ಗ್ರೀನ್ ಟೀ ಕುಡಿಯುವವರಲ್ಲ, ನಮ್ಮಂತೆ ಸಾದಾ ಕಪ್ಪು ಚಹಾದವರು. ಹಾಲು ಸಕ್ಕರೆ ಹಾಕಿಕೊಂಡವರಲ್ಲೂ ಹೀಗೇ ಇತ್ತು. ಹೃದಯಕ್ಕೆ ಒಳ್ಳೆಯದು. ಸುಮ್ನೆ ಕುಡಿಯಲು ಬಿಡಿ.

ಸುರಪುರದ ಮೇಷ್ಟ್ರು
ಆ ಅಧ್ಯಯನ ಸರಿ. ಆದರೆ ಚಹಾ ಕುಡಿದಿದ್ದಕ್ಕೇ ಅವರು ಜಾಸ್ತಿ ಬದುಕಿದರು ಅಂತ ಅದರಲ್ಲಿ ಸಾಬೀತಾಗಿಲ್ಲ. ಕುಡಿಯುವವರಲ್ಲಿ ಹೀಗೆ ಕಂಡಿತು ಅಂತ ಮಾತ್ರ. ಇನ್ನೊಂದು, ಬ್ರಿಟನ್ನಿನವರು ಬಿಸಿನೀರಲ್ಲಿ ಚಹಾ ಪೊಟ್ಟಣ ಅದ್ದಿ, ಮೇಲೆ ಒಂದಿಷ್ಟು ಹಾಲು ಸುರಿದು ಕುಡಿಯುತ್ತಾರೆ. ನಾವು ಬೋಗುಣಿಯಲ್ಲಿ ಪುಡಿ, ಹಾಲು, ಸಕ್ಕರೆ ಎಲ್ಲಾ ಸೇರಿಸಿ ಕುದಿಸಿ, ಮತ್ತೆ ಕುದಿಸಿ, ಇಳಿಸುವ ಹೊತ್ತಿಗೆ ಅದು ಪಾಯಸ ಆಗಿರುತ್ತದೆ. ಅವರ ಲೆಕ್ಕ ನಮಗೆ ಹಾಗೇ ಹಾಕಲು ಬರಲ್ಲ.

ಹಳೇ ಗುಲ್ಬರ್ಗ
ಮೇಷ್ಟ್ರೇ, ಯಾವುದು ಹೇಳಿದರೂ ನಿಮಗೆ ಸಾಬೀತಾಗಿರಲ್ಲ ಬಿಡಿ.

ಪಥ್ಯದಾಕಿ
ಆಹಾರ ಸಲಹೆ ಕೊಡುವುದೇ ನನ್ನ ಕೆಲಸ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಗುಳಿಗೆ. ಕಬ್ಬಿಣದ ಗುಳಿಗೆಯನ್ನು ಚಹಾದಲ್ಲಿ ನುಂಗಿದರೆ ಅರ್ಧಕ್ಕರ್ಧ ದಂಡ. ಚಹಾ ಒಗರಾಗಿರುತ್ತಲ್ಲ, ಆ ಒಗರು ಟ್ಯಾನಿನ್ ಅನ್ನುವ ಪದಾರ್ಥದ್ದು. ಅದು ಹೊಟ್ಟೆಯಲ್ಲಿ ಕಬ್ಬಿಣಕ್ಕೆ ಅಂಟಿಕೊಂಡು ಬಿಡುತ್ತದೆ. ಮೈಗೆ ಹತ್ತಲು ಬಿಡುವುದಿಲ್ಲ. ಜೋಳ, ತೊಗರಿಬೇಳೆ, ಸೊಪ್ಪಿನ ಪಲ್ಲೆಯಲ್ಲಿರುವ ಕಬ್ಬಿಣ ಮೊದಲೇ ಮೈಗೆ ಹತ್ತುವುದು ಕಷ್ಟ. ಮಾಂಸದ ಕಬ್ಬಿಣಕ್ಕೆ ಈ ತೊಂದರೆ ಕಡಿಮೆ. ಅಂದರೆ ರೊಟ್ಟಿ ಪಲ್ಲೆ ಉಂಡು ಅದರ ಮೇಲೆ ಚಹಾ ಕುಡಿಯುವ ಮನೆಗಳಿಗೇ ಹೊಡೆತ ಜಾಸ್ತಿ. ಹಾಲು ಹಾಕಿದ್ದೇವಲ್ಲ ಅಂತ ಧೈರ್ಯ ಮಾಡಬೇಡಿ, ಈ ವಿಷಯದಲ್ಲಿ ಹಾಲು ಕೈ ಹಿಡಿಯಲ್ಲ.

ದೂರದ ಮಾತೇನಲ್ಲ, ನಮ್ಮ ಪಕ್ಕದ ಹೈದರಾಬಾದಿನಲ್ಲೇ ಇರುವ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಆಹಾರದ ಮಾರ್ಗಸೂಚಿ ಹೊರತಂದಿತು. ಊಟಕ್ಕೆ ಕಡಿಮೆ ಅಂದರೂ ಒಂದು ಗಂಟೆ ಮುಂಚೆ, ಊಟವಾದ ಒಂದು ಗಂಟೆವರೆಗೆ ಚಹಾ ಕಾಫಿ ಬೇಡ ಅಂತ ಅದರಲ್ಲಿದೆ. ಕೆಫೀನ್ ದಿನಕ್ಕೆ 300 ಮಿಲಿಗ್ರಾಂ ದಾಟಬಾರದು. 150 ಮಿಲಿಲೀಟರಿನ ಒಂದು ಕಪ್ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಇರುತ್ತದೆ.

ಹಾಗಾಗಿ ಬಿಡಿಸಬೇಡಿ, ಹೊತ್ತು ಬದಲಿಸಿ. ಗುಳಿಗೆ ನೀರಲ್ಲಿ ನುಂಗಲಿ, ನಿಂಬೆಹಣ್ಣಿನ ನೀರಾದರೆ ಇನ್ನೂ ಒಳ್ಳೆಯದು. ಊಟದ ಜೊತೆ ಹಸಿ ಉಳ್ಳಾಗಡ್ಡಿ ಮೇಲೆ ನಿಂಬೆ ಹಿಂಡಿಕೊಳ್ಳಲಿ. ಹುಳಿಯಲ್ಲಿರುವ ಸಿ ಜೀವಸತ್ವ ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತದೆ.

ಇನ್ನೊಂದು ಮುಖ್ಯ. ಮುಟ್ಟು ನಿಂತು ಇಷ್ಟು ವರ್ಷ ಆದ ಮೇಲೂ ರಕ್ತ ಕಡಿಮೆ ಅಂದರೆ ಎಲ್ಲವನ್ನೂ ಚಹಾದ ತಲೆಗೆ ಕಟ್ಟಬೇಡಿ. ಹೊಟ್ಟೆಯಲ್ಲಿ, ಕರುಳಲ್ಲಿ ಎಲ್ಲಾದರೂ ರಕ್ತ ಹೋಗುತ್ತಿದೆಯಾ ಅಂತ ಡಾಕ್ಟರು ನೋಡಲೇಬೇಕು. ಅದನ್ನು ಕೇಳಿ.

ಗಂಜ್ ಬಸ್ಯಾ
ನಮ್ಮ ಅಜ್ಜಿ ದಿನವಿಡೀ ಚಹಾ ಕುಡಿದೇ ತೊಂಬತ್ತು ದಾಟಿದಳು. ಆಗ ಯಾವ ಟ್ಯಾನಿನ್ನೂ ಇರಲಿಲ್ಲ.

ಬೀದರ್ ಬಿದ್ರಿ
ನಿಮ್ಮ ಅಜ್ಜಿ ಹೊಲದಲ್ಲಿ ಕಳೆ ಕೀಳುತ್ತಾ ಕುಡಿದಳು ಬಸ್ಯಾ ಅಣ್ಣ. ನೀವು ಗಾದಿ ಮೇಲೆ ಕೂತು ಮೊಬೈಲ್ ಒತ್ತುತ್ತಾ ಕುಡೀತೀರಿ.

ಗುಳಿಗೆ ಅಂಗಡಿ
ಯಾರೂ ಆ ಡಬ್ಬಿಯ ಪಟ್ಟಿ ಸರಿಯಾಗಿ ಓದಲಿಲ್ಲವಾ? ಕೊನೆಯ ಹೆಸರು ನೋಡಿ. ಜೇಷ್ಠಮಧು.

ಔಷಧ ಅಂಗಡಿ ನಡೆಸುವವನು ನಾನು. ಬಿಪಿ ಇದ್ದವರು ದಿನಾ ಜೇಷ್ಠಮಧು ತೆಗೆದುಕೊಳ್ಳುವ ಹಾಗಿಲ್ಲ. ಅದರಲ್ಲಿ ಗ್ಲಿಸಿರೈಜಿನ್ ಅಂತ ಇರುತ್ತದೆ, ಆ ಬೇರಿಗೆ ಸಿಹಿ ಬರುವುದು ಅದರಿಂದಲೇ. ಅದು ಮೈಯಲ್ಲಿ ಉಪ್ಪು ನೀರು ಹಿಡಿದಿಡುತ್ತದೆ, ಪೊಟ್ಯಾಸಿಯಂ ಹೊರಗೆ ಹಾಕುತ್ತದೆ, ಬಿಪಿ ಏರಿಸುತ್ತದೆ. ಕೆಲವು ಬಿಪಿ ಗುಳಿಗೆಗಳು ಮೂತ್ರ ಜಾಸ್ತಿ ಮಾಡಿಸುವಂಥವು. ಅವುಗಳಿಂದಲೂ ಪೊಟ್ಯಾಸಿಯಂ ಇಳಿಯುತ್ತದೆ. ಎರಡೂ ಕೂಡಿದರೆ ಕಾಲು ಸೆಳೆತ, ಸುಸ್ತು, ಎದೆಬಡಿತ ಏರುಪೇರಾಗುವುದು ಎಲ್ಲಾ ಶುರುವಾಗಬಹುದು. ಕೆಮ್ಮು ಬಂದಾಗ ಒಂದು ತುಂಡು ಬಾಯಲ್ಲಿ ಇಟ್ಟುಕೊಳ್ಳುವುದು ಬೇರೆ, ಕಪ್ಪಿಗೊಂದು ಚಮಚದ ಲೆಕ್ಕದಲ್ಲಿ ದಿನಾ ಕುಡಿಯುವುದು ಬೇರೆ.

ದಾಲ್ಚಿನ್ನಿ ಬಗ್ಗೆಯೂ ಹೇಳಿಬಿಡುತ್ತೇನೆ. ಸಂತೆಯಲ್ಲಿ ಸಿಗುವ ದಪ್ಪ ಗಟ್ಟಿ ಚಕ್ಕೆ ಹೆಚ್ಚಾಗಿ ಕ್ಯಾಸಿಯಾ ಜಾತಿಯದು. ಅದರಲ್ಲಿ ಕೂಮರಿನ್ ಅನ್ನುವ ಪದಾರ್ಥ ಇರುತ್ತದೆ. ಚಿಟಿಕೆಗೆ ಏನೂ ಆಗಲ್ಲ, ಚಮಚಗಟ್ಟಲೆ ದಿನಾ ಹೋದರೆ ಲಿವರ್‌ಗೆ ಒಳ್ಳೆಯದಲ್ಲ. ಕಾಗದದಂತೆ ತೆಳ್ಳಗೆ ಸುರುಳಿ ಸುತ್ತಿದ ಸಿಲೋನ್ ದಾಲ್ಚಿನ್ನಿಯಲ್ಲಿ ಇದು ತೀರಾ ಕಡಿಮೆ.

ಡಬ್ಬಿಯ ಮೇಲೆ 14 ಅಂಕಿಯ ಆಹಾರ ಲೈಸೆನ್ಸ್ ನಂಬರ್ ಇದೆಯಾ ನೋಡಿ. ಇನ್ನು ಶುಗರ್ ಬಿಪಿ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದೇ 1954ರ ಕಾಯ್ದೆ ಪ್ರಕಾರ ಅಪರಾಧ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಅಂತ ಇದೆ. ಜಾತ್ರೆಯಲ್ಲಿ ಯಾರು ಕೇಳುತ್ತಾರೆ ಅಂತ ಮಾರುತ್ತಾರೆ ಅಷ್ಟೇ. ಡಬ್ಬಿ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ, ಬಿಪಿ ಒಮ್ಮೆ ನೋಡಿಸಿ.

ಸೇಡಂ ರೋಡಿನ ಮಗಳು
ಅಯ್ಯೋ ದೇವರೇ. ಹೋದ ವಾರದಿಂದ ಕಾಲು ಸೆಳೆತ ಅಂತ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದಾಳೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಏನೋ. ನಾಳೆಯೇ ಕರೆದುಕೊಂಡು ಹೋಗುತ್ತೇನೆ. ನಂಬರ್ ಹುಡುಕಿದೆ ಸರ್, ಫೋನ್ ನಂಬರ್ ಇದೆ, ಲೈಸೆನ್ಸ್ ನಂಬರ್ ಇಲ್ಲ.

ಗುಳಿಗೆ ಅಂಗಡಿ
ಹೋಗಿ ಬನ್ನಿ. ಅಲ್ಲಿವರೆಗೆ ಆ ಪುಡಿ ನಿಲ್ಲಿಸಿ. ಬಿಪಿ ಗುಳಿಗೆ ಮಾತ್ರ ನಿಲ್ಲಿಸಬೇಡಿ.

ಬೀದರ್ ಬಿದ್ರಿ
ಒಂದು ಡಬ್ಬಿಯ ತಪ್ಪಿಗೆ ಮಸಾಲೆ ಚಹಾದ ಹೆಸರೇ ಕೆಡಿಸಬೇಡ್ರಪ್ಪಾ! ಬೀದರಿನ ಡಿಸೆಂಬರ್ ಚಳಿಯಲ್ಲಿ ಅದಿಲ್ಲದೆ ಹಾಸಿಗೆ ಬಿಟ್ಟು ಏಳೋಕೇ ಆಗಲ್ಲ. ಪುಡಿ ಕೊಳ್ಳುವುದೇ ಯಾಕೆ? ಮನೆಯಲ್ಲಿ ಇರೋದನ್ನೇ ಹಾಕಿ.

ನಾನು ಮಾಡೋದು ಹೀಗೆ. ನಾಲ್ಕು ಜನರಿಗೆ ಎರಡೂವರೆ ಕಪ್ ನೀರು. ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟು ಹಸಿ ಅಲ್ಲ (ಹಸಿ ಶುಂಠಿ), ಸಿಪ್ಪೆ ಕೆರೆದು ಕಲ್ಲಲ್ಲಿ ಒಂದೇ ಏಟು ಜಜ್ಜಬೇಕು, ನುಣ್ಣಗೆ ಅರೆಯಬಾರದು. ನೀರು ತಣ್ಣಗಿರುವಾಗಲೇ ಹಾಕಿ. ಒಂದು ಲವಂಗ, ಚಳಿಯಿದ್ದರೆ ಎರಡು ಕಾಳುಮೆಣಸು. ನೀರು ಚೆನ್ನಾಗಿ ಕುದಿದು ವಾಸನೆ ಎದ್ದ ಮೇಲೆ ಚಹಾ ಪುಡಿ. ಎರಡು ನಿಮಿಷ ಬಿಟ್ಟು ಒಂದೂವರೆ ಕಪ್ ಹಾಲು. ಯಾಲಕ್ಕಿ ಇಳಿಸುವಾಗ, ಸಿಪ್ಪೆ ಸಮೇತ ಜಜ್ಜಿ. ಮೊದಲೇ ಹಾಕಿದರೆ ಘಮ ಎಲ್ಲಾ ಹಬೆಯಲ್ಲಿ ಹೋಗುತ್ತದೆ.

ಹಾಲು ಹಾಕಿದ ಮೇಲೆ ಹಸಿ ಅಲ್ಲ ಹಾಕಬೇಡಿ. ಹಾಲು ಒಡೆಯುತ್ತದೆ. ಅದರಲ್ಲಿ ಹಾಲಿನ ಪ್ರೋಟೀನ್ ಕತ್ತರಿಸುವ ಕಿಣ್ವ ಇದೆ. ಮೊದಲು ನೀರಲ್ಲಿ ಕುದ್ದರೆ ಅದರ ಆಟ ಮುಗಿಯುತ್ತದೆ. ನಮ್ಮತ್ತೆ ಕಿಣ್ವ ಗಿಣ್ವ ಕೇಳಿದವರಲ್ಲ, ಆದರೆ ಎಂದೂ ಅವರ ಚಹಾ ಒಡೆದಿದ್ದಿಲ್ಲ.

ಜಗತ್ ಆಟೋ
ಬಡೇಸೋಪು ಹಾಕಲ್ವಾ ಅಕ್ಕಾ? ಅದಿಲ್ಲದೆ ಮಸಾಲೆ ಚಹಾ ಆಗುತ್ತಾ?

ಬೀದರ್ ಬಿದ್ರಿ
ಅದು ಊಟ ಆದ ಮೇಲೆ ತಿನ್ನೋಕೆ ಇಡ್ರಿ ಅಣ್ಣ.

ಸುರಪುರದ ಮೇಷ್ಟ್ರು
ರುಚಿಯ ವಿಷಯ ಸರಿ. ಕೇಳಿದ್ದು ಆರೋಗ್ಯದ ವಿಷಯ ಅಲ್ವಾ? ಈ ಮಸಾಲೆಗಳಲ್ಲಿ ಯಾವುದಕ್ಕೆ ಆಧಾರ ಇದೆ, ಯಾವುದಕ್ಕೆ ಇಲ್ಲ, ಪಥ್ಯದಾಕಿ ಮೇಡಂ ಹೇಳಲಿ.

ಪಥ್ಯದಾಕಿ
ಹಸಿ ಅಲ್ಲಕ್ಕೆ ಆಧಾರ ಗಟ್ಟಿ ಇದೆ, ಅದೂ ವಾಂತಿ, ಹೊಟ್ಟೆ ತೊಳಸುವುದಕ್ಕೆ. ಬಸುರಿಯರ ವಾಕರಿಕೆಗೂ ಪರೀಕ್ಷೆ ಮಾಡಿ ನೋಡಿದ್ದಾರೆ. ಲವಂಗದ ಎಣ್ಣೆ ಹಲ್ಲುನೋವಿಗೆ ಕೆಲಸ ಮಾಡುತ್ತದೆ, ಆದರೆ ಅದು ಹಲ್ಲಿಗೆ ಹಚ್ಚಿದಾಗ. ಗಂಟಲು ಕೆರೆತ, ನೆಗಡಿ ಇದ್ದಾಗ ಬಿಸಿ ಬಿಸಿ ಏನು ಕುಡಿದರೂ ಹಿತ. ಕಾಳುಮೆಣಸು ಹಾಕಿದರೆ ಮೂಗು ಬಿಡುತ್ತದೆ.

ದಾಲ್ಚಿನ್ನಿಯಿಂದ ಶುಗರ್ ಇಳಿಯುತ್ತದೆ, ತುಳಸಿಯಿಂದ ಅದಾಗುತ್ತದೆ ಇದಾಗುತ್ತದೆ ಅನ್ನುವ ಪ್ರಯೋಗಗಳು ಇವೆ. ಆದರೆ ಅವುಗಳಲ್ಲಿ ಗ್ರಾಂ ಲೆಕ್ಕದಲ್ಲಿ ಕ್ಯಾಪ್ಸೂಲ್ ಕೊಟ್ಟಿರುತ್ತಾರೆ, ಫಲಿತಾಂಶವೂ ಒಂದರ ಹಾಗೆ ಒಂದಿಲ್ಲ. ಒಂದು ಕಪ್ ಚಹಾಕ್ಕೆ ಬೀಳುವ ಚಿಟಿಕೆ ಪುಡಿಯಿಂದ ಅಷ್ಟು ನಿರೀಕ್ಷೆ ಬೇಡ. ಜಾಸ್ತಿ ಹಾಕೋಣ ಅಂದರೆ ಮೇಲೆ ಗುಳಿಗೆ ಅಂಗಡಿಯವರು ಹೇಳಿದ ತೊಂದರೆ.

2020ರಲ್ಲಿ ನೋಡಲಿಲ್ಲವೇ? ಆಯುಷ್ ಸಚಿವಾಲಯ ತುಳಸಿ, ದಾಲ್ಚಿನ್ನಿ, ಒಣಶುಂಠಿ, ಕಾಳುಮೆಣಸಿನ ಕಷಾಯ ಹೇಳಿತ್ತು. ದಿನಕ್ಕೆ ಒಂದೆರಡು ಸಲ ಕುಡಿಯಲು ಹೇಳಿದರೆ ನಮ್ಮ ಜನ ಲೋಟಗಟ್ಟಲೆ ಕುಡಿದರು. ಆಮೇಲೆ ಎದೆ ಉರಿ, ಬಾಯಿ ಹುಣ್ಣು ಅಂತ ಫೋನ್ ಮೇಲೆ ಫೋನ್.

ಮಸಾಲೆಯಿಂದ ಒಂದು ಲಾಭ ಮಾತ್ರ ನಾನು ಕಣ್ಣಾರೆ ಕಂಡಿದ್ದೇನೆ. ಘಮ ಇದ್ದರೆ ಸಕ್ಕರೆ ಕಡಿಮೆ ಸಾಕಾಗುತ್ತದೆ. ನನ್ನ ಹತ್ತಿರ ಬರುವ ಶುಗರ್ ಪೇಷಂಟುಗಳಿಗೆ ಯಾಲಕ್ಕಿ ಜಾಸ್ತಿ ಮಾಡಿ ಸಕ್ಕರೆ ಅರ್ಧ ಮಾಡಿ ಅನ್ನುತ್ತೇನೆ. ಬಹಳ ಜನ ಒಪ್ಪಿಕೊಳ್ಳುತ್ತಾರೆ.

ಗಂಜ್ ಬಸ್ಯಾ
ಸಕ್ಕರೆ ಯಾಕ್ರಿ, ಬೆಲ್ಲದ ಚಹಾ ಕುಡೀರಿ. ಬೆಲ್ಲಕ್ಕೆ ಶುಗರ್ ಬರಲ್ಲ. ಬೆಲ್ಲದಲ್ಲಿ ಕಬ್ಬಿಣನೂ ಇರುತ್ತದೆ.

ಪಥ್ಯದಾಕಿ
ಬರುತ್ತದೆ ಬಸ್ಯಾ ಅವರೇ, ಬೆಲ್ಲಕ್ಕೂ ಬರುತ್ತದೆ. ಬೆಲ್ಲದಲ್ಲೂ ಬಹುಪಾಲು ಇರುವುದು ಸಕ್ಕರೆಯೇ. ಕಬ್ಬಿಣ ಸ್ವಲ್ಪ ಇದೆ ನಿಜ, ಆದರೆ ಅದನ್ನು ಚಹಾಕ್ಕೇ ಹಾಕಿದರೆ ಮತ್ತೆ ಟ್ಯಾನಿನ್ ಕೈಗೆ ಕೊಟ್ಟಂತೆ. ದಿನಕ್ಕೆ 25 ಗ್ರಾಂ ಒಳಗೆ ಸಕ್ಕರೆ ಇದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಲ್ಲ, ಜೇನು ಎಲ್ಲಾ ಆ ಲೆಕ್ಕದಲ್ಲೇ. ಸಣ್ಣ ಚಮಚಕ್ಕೆ 4ರಿಂದ 5 ಗ್ರಾಂ. ಕಪ್ಪಿಗೆ ಎರಡು ಚಮಚದಂತೆ ಮೂರು ಕಪ್ ಕುಡಿದರೆ ಅಲ್ಲಿಗೇ ಲೆಕ್ಕ ತುಂಬಿತು. ಮೇಲೆ ಬಿಸ್ಕತ್ತು ಬೇರೆ.

ಬೀದರ್ ಬಿದ್ರಿ
ಬೆಲ್ಲ ಹಾಕುವವರು ಗ್ಯಾಸ್ ಆರಿಸಿ ಆಮೇಲೆ ಹಾಕಿ. ಕುದಿಯುವಾಗ ಹಾಕಿದರೆ ಹಾಲು ಒಡೆಯುತ್ತದೆ.

ಕೋಟೆ ಬಾಗಿಲು
ಚಹಾ ಮಸಾಲೆ ನಮ್ಮ ಸಾವಿರಾರು ವರ್ಷಗಳ ಪರಂಪರೆ. ಋಷಿಮುನಿಗಳು ಸುಮ್ನೆ ಹೇಳಿರಲ್ಲ. ಈಗಿನ ವಿಜ್ಞಾನ ಈಗ ಕಣ್ಣು ಬಿಡುತ್ತಿದೆ.

ಹಳೇ ಗುಲ್ಬರ್ಗ
ಶುಂಠಿ ಮೆಣಸಿನ ಕಷಾಯ ಪರಂಪರೆ, ಒಪ್ಪಿದೆ. ಚಹಾ ಎಲ್ಲಿಂದ ಬಂತು ಮಾರಾಯ್ರೇ? ಕಲ್ಯಾಣದ ಶರಣರು ಒಂದು ಗುಟುಕು ಚಹಾ ಕುಡಿಯದೆ ಕಾಯಕ ಮಾಡಿದವರು. ಅಸ್ಸಾಂ ಚಹಾ ಮೊದಲ ಸಲ ಲಂಡನ್ನಿನಲ್ಲಿ ಹರಾಜಾಗಿದ್ದೇ 1839ರಲ್ಲಿ. ಬ್ರಿಟಿಷರು ಮೊದಲು ತಮಗಾಗಿ ಬೆಳೆದರು, ಆಮೇಲೆ ನಮಗೆ ಹಚ್ಚಿಸಿದರು. ನಾವು ಕುದಿಸುವ ಆ ಸಣ್ಣ ಕಾಳಿನಂಥ ಪುಡಿ ಮಾಡುವ ಯಂತ್ರ ಬಂದಿದ್ದು 1930ರ ದಶಕದಲ್ಲಿ. ಸೊಪ್ಪನ್ನು ಜಜ್ಜಿ, ಹರಿದು, ಸುರುಳಿ ಮಾಡುತ್ತದೆ. ಅದು ಅಗ್ಗ, ಬೇಗ ಕೆಂಪು ಬಿಡುತ್ತದೆ, ಹಾಲಿಗೆ ಎದುರು ನಿಲ್ಲುತ್ತದೆ. ಗ್ರೀನ್ ಟೀ, ಕಪ್ಪು ಚಹಾ ಎಲ್ಲಾ ಒಂದೇ ಗಿಡ. ಕೊಯ್ದ ಮೇಲೆ ಎಲೆಯನ್ನು ಗಾಳಿಗೆ ಎಷ್ಟು ಕಪ್ಪಾಗಲು ಬಿಟ್ಟರು ಅನ್ನುವುದರಲ್ಲಿ ವ್ಯತ್ಯಾಸ.

ನಮ್ಮ ಕಲಬುರಗಿ, ಬೀದರ್‌ಗೆ ಚಹಾದ ಚಟ ಹೈದರಾಬಾದ್ ಕಡೆಯದು. 1948ರವರೆಗೆ ನಿಜಾಮರ ರಾಜ್ಯ, 1956ರವರೆಗೆ ಹೈದರಾಬಾದ್ ರಾಜ್ಯ. ಆ ಇರಾನಿ ಚಹಾ, ಅದರ ಜೊತೆ ಉಸ್ಮಾನಿಯಾ ಬಿಸ್ಕತ್ತು ಎಲ್ಲಾ ಅಲ್ಲಿಂದಲೇ. ಇರಾನಿ ಚಹಾದಲ್ಲಿ ಮಸಾಲೆಯೇ ಇಲ್ಲ ನೋಡಿ. ಡಿಕಾಕ್ಷನ್ ಬೇರೆ ಕುದಿಯುತ್ತದೆ, ಹಾಲು ಬೇರೆ ಕುದಿದು ಗಟ್ಟಿಯಾಗುತ್ತದೆ, ಕಪ್ಪಿನಲ್ಲಿ ಸೇರಿಸುತ್ತಾರೆ. ದರ್ಗಾ ರಸ್ತೆ ಕಡೆ ಈಗಲೂ ಕೆಲವರು ಹಾಗೇ ಮಾಡುತ್ತಾರೆ.

ಕೋಟೆ ಬಾಗಿಲು
ಎಲ್ಲಾ ಬ್ರಿಟಿಷರಿಂದ, ಎಲ್ಲಾ ನಿಜಾಮರಿಂದ. ನಮ್ಮದು ಅಂತ ಏನೂ ಇಲ್ಲವಾ ಹಾಗಾದರೆ?

ಗಂಜ್ ಬಸ್ಯಾ
ತೊಗರಿ ಇದೆ. 2019ರಲ್ಲಿ ಜಿಐ ಟ್ಯಾಗೂ (ಈ ಸೀಮೆಯದೇ ಬೆಳೆ ಅನ್ನುವ ಸರ್ಕಾರಿ ಗುರುತು) ಸಿಕ್ಕಿದೆ. ರೇಟ್ ಮಾತ್ರ ಸಿಗಲ್ಲ.

ಜಗತ್ ಆಟೋ
ರೇಟ್ ವಿಷಯ ತೆಗೀಬೇಡ ಬಸ್ಯಾ, ರಾತ್ರಿ ಪೂರಾ ಅದೇ ಆಗುತ್ತದೆ.

ನನ್ನದು ಬೇರೆ ಪ್ರಶ್ನೆ. ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ. ಸ್ಟ್ಯಾಂಡಿನಲ್ಲಿ ನಾವೆಲ್ಲಾ ಮಧ್ಯಾಹ್ನವೂ ಬಿಸಿ ಚಹಾ ಕುಡೀತೀವಿ. ಕುಡಿದ ಮೇಲೆ ಬೆವರಿ ತಂಪಾಗುತ್ತದೆ ಅಂತ ಹಿರಿಯರು ಹೇಳ್ತಾರೆ. ಮನೆಯವಳು ಹುಚ್ಚು ಅಂತಾಳೆ. ಯಾರದು ಸರಿ?

ಸುರಪುರದ ಮೇಷ್ಟ್ರು
ಹಿರಿಯರ ಮಾತಿನಲ್ಲಿ ಹುರುಳಿದೆ. ಕೆನಡಾದ ಒಟ್ಟಾವಾ ವಿಶ್ವವಿದ್ಯಾಲಯದಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದಾರೆ, 2012ರಲ್ಲಿ. ಬಿಸಿ ಪಾನೀಯ ಒಳಗೆ ಹೋದರೆ ಬೆವರು ಜಾಸ್ತಿ ಬರುತ್ತದೆ. ಆ ಬೆವರು ಪೂರ್ತಿ ಆರಿದರೆ, ಕುಡಿದ ಬಿಸಿಗಿಂತ ಜಾಸ್ತಿ ಬಿಸಿ ಮೈಯಿಂದ ಹೊರಗೆ ಹೋಗುತ್ತದೆ. ಷರತ್ತು ಒಂದೇ, ಬೆವರು ಆರಬೇಕು. ನಮ್ಮ ಒಣ ಬಿಸಿಲಿನಲ್ಲಿ, ಗಾಳಿ ಆಡುತ್ತಿದ್ದರೆ ಆರುತ್ತದೆ. ಮಂಗಳೂರಿನ ಜಿಗುಟು ಸೆಖೆಯಲ್ಲಿ ಆರಲ್ಲ. ದಪ್ಪ ಖಾಕಿ ಅಂಗಿ ಹಾಕಿ ಆಟೋದಲ್ಲಿ ಕೂತರೂ ಆರಲ್ಲ.

ಆದರೆ ಬೆವರಿನಲ್ಲಿ ಹೋದ ನೀರು ವಾಪಸ್ ತುಂಬಬೇಕಲ್ಲ. ಅದಕ್ಕೆ ಮಜ್ಜಿಗೆ, ಅಂಬಲಿ, ನೀರು ಕುಡಿಯಬೇಕು. ಬಿಸಿಲು ಬಡಿದು ತಲೆ ಸುತ್ತುತ್ತಿದ್ದರೆ ಚಹಾ ಮುಟ್ಟಬೇಡಿ. ನೆರಳಿಗೆ ಬಂದು, ಮೈ ಒದ್ದೆ ಮಾಡಿ, ಆಸ್ಪತ್ರೆಗೆ ಹೋಗಿ.

ಜಗತ್ ಆಟೋ
ಅಂದರೆ ಇಬ್ಬರದೂ ಅರ್ಧ ಅರ್ಧ ಸರಿ. ಮನೆಯಲ್ಲಿ ಇದನ್ನ ಹೇಳಲ್ಲ ನಾನು.

ಪಥ್ಯದಾಕಿ
ಬಿಸಿ ಅಂದಿದ್ದಕ್ಕೆ ನೆನಪಾಯಿತು. ಒಲೆಯಿಂದ ಇಳಿಸಿದ ಕೂಡಲೇ ಸುಡು ಸುಡು ಕುಡಿಯುವ ಅಭ್ಯಾಸ ಒಳ್ಳೆಯದಲ್ಲ. 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳಿಂದ ಅನ್ನನಾಳದ ಕ್ಯಾನ್ಸರ್ ಬರುವ ಸಾಧ್ಯತೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2016ರಲ್ಲಿ ಹೇಳಿತು. ಚಹಾದ ದೋಷ ಅಂತಲ್ಲ, ಬಿಸಿಯ ದೋಷ. ಬಿಸಿನೀರಾದರೂ ಅಷ್ಟೇ. ಹಿರಿಯರು ಬಶಿಗೆ ಸುರಿದುಕೊಂಡು ಊದಿ ಕುಡಿಯುತ್ತಿದ್ದರಲ್ಲ, ಅದಕ್ಕೆ ನಗುವವರೇ ಜಾಸ್ತಿ ಈಗ. ಬಶಿಯಲ್ಲಿ ಅಗಲವಾಗಿ ಹರಡಿದ ಚಹಾ ಬೇಗ ಆರುತ್ತದೆ.

ಸ್ಟೇಷನ್ ಬಜಾರ್
ಬಶಿ ಎಲ್ಲಿದೆ ಮೇಡಂ? ಎಲ್ಲಾ ಕಡೆ ಕಾಗದದ ಕಪ್ಪು. ಅದರ ಒಳಗೆ ಪ್ಲಾಸ್ಟಿಕ್ ಪದರ ಇರುತ್ತದೆ. ಖರಗ್‌ಪುರ ಐಐಟಿಯವರು 2020ರಲ್ಲಿ ನೋಡಿದ್ದಾರೆ. 100 ಮಿಲಿಲೀಟರ್ ಬಿಸಿ ನೀರು 15 ನಿಮಿಷ ಇದ್ದರೆ 25,000ದಷ್ಟು ಪ್ಲಾಸ್ಟಿಕ್ ಕಣ ಬಿಡುತ್ತದಂತೆ. ನಾನು ಈಗ ಗಾಜಿನ ಗ್ಲಾಸ್ ಇರುವ ಅಂಗಡಿಗೇ ಹೋಗ್ತೀನಿ.

ಜಗತ್ ಆಟೋ
ಗಾಜಿನ ಗ್ಲಾಸನ್ನ ಒಂದೇ ಬಕೆಟ್ಟಿನ ನೀರಲ್ಲಿ ಸಂಜೆತನಕ ಅದ್ದಿ ಅದ್ದಿ ಕೊಡ್ತಾರೆ, ಅದೂ ನೋಡಿ. ಮತ್ತೆ ನಮ್ಮ ಕಟ್ ಚಹಾ ಮುಗಿಯೋಕೆ ಎಲ್ಲಿ 15 ನಿಮಿಷ? ಎರಡು ಗುಟುಕು, ಆಯ್ತು.

ಯಾದಗಿರಿ ಬೋರ್‌ವೆಲ್
ಇಷ್ಟೆಲ್ಲಾ ಮಾತಾಡಿ ನೀರಿನ ಬಗ್ಗೆ ಯಾರೂ ಮಾತಾಡಲಿಲ್ಲ. ನಮ್ಮ ಯಾದಗಿರಿ, ಕಲಬುರಗಿ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಹಲ್ಲು ಕಂದು ಪಟ್ಟಿ ಬಿದ್ದಿರುವ ಮಕ್ಕಳನ್ನು ನೋಡಿಲ್ಲವಾ? ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು. ಬೇರೆ ನೀರು ಸಿಗದೇ ಇದ್ದರೆ 1.5ರವರೆಗೆ.

ಚಹಾ ಗಿಡದ ಗುಣ ಏನೆಂದರೆ ಮಣ್ಣಿನ ಫ್ಲೋರೈಡ್ ಎಳೆದು ಎಲೆಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಬಲಿತ ಎಲೆಯಲ್ಲಿ ಜಾಸ್ತಿ. ಅಗ್ಗದ ಚಹಾಕ್ಕೆ ಬಲಿತ ಎಲೆ ಬೀಳುವುದೇ ಜಾಸ್ತಿ. ಇತ್ತ ನೀರಿನದು, ಅತ್ತ ಎಲೆಯದು. ಕುದಿಸಿ ಕುದಿಸಿ ನೀರು ಬತ್ತಿಸಿದರೆ ಫ್ಲೋರೈಡ್ ಹಬೆಯಲ್ಲಿ ಹೋಗಲ್ಲ, ಉಳಿದ ನೀರಲ್ಲೇ ಗಟ್ಟಿಯಾಗುತ್ತದೆ. ಕುದಿಸಿದರೆ ನೀರು ಶುದ್ಧ ಅನ್ನುವ ಮಾತು ರೋಗಾಣುವಿಗೆ ಸರಿ, ಇದಕ್ಕೆ ಸರಿಯಲ್ಲ. ಮೊಣಕಾಲು, ಸೊಂಟ ಹಿಡಿದುಕೊಂಡವರು ಬೋರ್ ನೀರಲ್ಲಿ ಕಾಸಿದ ಚಹಾವನ್ನೇ ದಿನವಿಡೀ ಕುಡಿಯುತ್ತಿದ್ದರೆ ಮೊದಲು ನೀರು ಪರೀಕ್ಷೆ ಮಾಡಿಸಿ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯ ಜಿಲ್ಲೆಯಲ್ಲೇ ಇದೆ. ಊರಿನಲ್ಲಿ ಶುದ್ಧ ನೀರಿನ ಘಟಕ ನಡೆಯುತ್ತಿದ್ದರೆ ಚಹಾಕ್ಕೂ ಅಡುಗೆಗೂ ಅದೇ ನೀರು ಬಳಸಿ. ಕುಡಿಯೋಕೆ ಮಾತ್ರ ಕ್ಯಾನ್ ನೀರು, ಚಹಾಕ್ಕೆ ನಲ್ಲಿ ನೀರು ಅಂತ ಮಾಡುತ್ತಾರೆ ನಮ್ಮವರು.

ಬೀದರ್ ಬಿದ್ರಿ
ಇದು ಗೊತ್ತೇ ಇರಲಿಲ್ಲ. ನಮ್ಮ ತವರೂರು ಶಹಾಪುರ ಕಡೆ. ಅಲ್ಲಿ ಎಲ್ಲರೂ ಮೊಣಕಾಲು ಅಂತಾರೆ.

ಸುರಪುರದ ಮೇಷ್ಟ್ರು
ಮೊಣಕಾಲು ನೋವಿಗೆ ಹತ್ತು ಕಾರಣ ಇರುತ್ತವೆ ತಾಯಿ. ನೀರು ಪರೀಕ್ಷೆ ಮಾಡಿಸಲಿ, ಆದರೆ ಎಲ್ಲರಿಗೂ ಫ್ಲೋರೈಡ್ ಅಂತ ಈಗಲೇ ಹೇಳಿಬಿಡಬೇಡಿ.

ಸ್ಟೇಷನ್ ಬಜಾರ್
ಬಿಡಿ ಪುಡಿ ಕೊಳ್ಳುವವರಿಗೆ ಒಂದು ಉಪಾಯ. ಬಿಳಿ ಫಿಲ್ಟರ್ ಕಾಗದದ ಮೇಲೆ ಚಹಾ ಪುಡಿ ಹರಡಿ, ಸ್ವಲ್ಪ ನೀರು ಚಿಮುಕಿಸಿ. ಆಮೇಲೆ ಪುಡಿ ತೆಗೆದು ಕಾಗದವನ್ನು ನಲ್ಲಿ ಕೆಳಗೆ ತೊಳೆದು ಬೆಳಕಿಗೆ ಹಿಡಿದು ನೋಡಿ. ಕಂದು ಕಪ್ಪು ಕಲೆ ಗಟ್ಟಿಯಾಗಿ ಉಳಿದರೆ ಬಣ್ಣ ಹಾಕಿದ್ದಾರೆ ಅಂತ ಅರ್ಥ. ಕಬ್ಬಿಣದ ಚೂರು ಇದೆಯಾ ಅಂತ ಅಯಸ್ಕಾಂತ ಆಡಿಸಿಯೂ ನೋಡಬಹುದು.

ಗಂಜ್ ಬಸ್ಯಾ
ಕಬ್ಬಿಣದ ಚೂರು ಇದ್ದರೆ ಅವ್ವನಿಗೆ ಗುಳಿಗೆ ಖರ್ಚು ಉಳಿಯಿತು 😄

ಅಂಗನವಾಡಿ ಟೀಚರ್
ನಗಬೇಡಿ. ದೊಡ್ಡವರ ಮಾತು ಆಯಿತು, ಕೂಸುಗಳದ್ದು ಯಾರೂ ಕೇಳಲಿಲ್ಲ. ನಮ್ಮ ಕೇಂದ್ರಕ್ಕೆ ಬರುವ ಮಕ್ಕಳಲ್ಲಿ ಎಷ್ಟೋ ಮಂದಿ ಮುಂಜಾನೆ ಚಹಾದಲ್ಲಿ ಬಿಸ್ಕತ್ತು ಅದ್ದಿ ತಿಂದು ಬರುತ್ತವೆ. ಅದೇ ಅವುಗಳ ನಾಷ್ಟಾ. ಹೊಟ್ಟೆ ತುಂಬಿದಂತೆ ಅನ್ನಿಸಿ ಕೊಟ್ಟ ಊಟ ಬಿಡುತ್ತವೆ. ತಾಯಂದಿರು ಹೊಲಕ್ಕೆ ಹೋಗುವ ಗಡಿಬಿಡಿಯಲ್ಲಿರುತ್ತಾರೆ, ಅವರನ್ನು ಬೈದು ಏನು ಮಾಡುವುದು. ಐದು ವರ್ಷದೊಳಗಿನ ಮಕ್ಕಳಿಗೆ ಚಹಾ ಕಾಫಿ ಬೇಡವೇ ಬೇಡ ಅಂತ ಭಾರತದ ಮಕ್ಕಳ ವೈದ್ಯರ ಸಂಘವೇ ಹೇಳಿದೆ. ಐದರಿಂದ ಒಂಬತ್ತರವರೆಗೆ ಅರ್ಧ ಕಪ್ಪಿಗಿಂತ ಜಾಸ್ತಿ ಬೇಡ. ರಾತ್ರಿಯ ರೊಟ್ಟಿ ಉಳಿದಿದ್ದರೆ ಹಾಲಿನಲ್ಲೋ ಮಜ್ಜಿಗೆಯಲ್ಲೋ ಕಿವುಚಿ ಕೊಡಿ, ಒಂದು ಮುಷ್ಟಿ ಶೇಂಗಾ ಕೊಡಿ. ನಾವು ಕೊಡುವ ಕಬ್ಬಿಣದ ಔಷಧವೂ ಆಗ ಮೈಗೆ ಹತ್ತುತ್ತದೆ.

ಪಥ್ಯದಾಕಿ
ಟೀಚರ್, ಇದನ್ನು ಹೇಳಿದ್ದು ಒಳ್ಳೆಯದಾಯಿತು. ಒಂದೇ ಸೇರಿಸುತ್ತೇನೆ. ಕಬ್ಬಿಣದ ಔಷಧ ಹಾಲಿನ ಜೊತೆಗೂ ಬೇಡ. ಹಾಲಿಗೂ ಔಷಧಕ್ಕೂ ನಡುವೆ ಒಂದೆರಡು ಗಂಟೆ ಬಿಡಿ.

ಸೇಡಂ ರೋಡಿನ ಮಗಳು
ಡಾಕ್ಟರ ಹತ್ತಿರ ಹೋಗಿ ಬಂದೆವು. ಬಿಪಿ ಏರಿತ್ತು. ಪುಡಿ ನಿಲ್ಲಿಸಲು ಹೇಳಿದರು, ಪೊಟ್ಯಾಸಿಯಂ ಪರೀಕ್ಷೆಗೆ ರಕ್ತ ತೆಗೆದುಕೊಂಡರು. ಪಥ್ಯದಾಕಿ ಮೇಡಂ ಹೇಳಿದಂತೆ ರಕ್ತ ಎಲ್ಲಾದರೂ ಹೋಗುತ್ತಿದೆಯಾ ಅಂತ ಕೇಳಿದೆ. ಮಲ ಪರೀಕ್ಷೆ ಬರೆದುಕೊಟ್ಟಿದ್ದಾರೆ, ರಿಪೋರ್ಟ್ ಇನ್ನೂ ಬರಬೇಕು.

ಅವ್ವನ ಜೊತೆ ಒಪ್ಪಂದ ಆಗಿದೆ. ಮುಂಜಾನೆ ಚಹಾ, ರೊಟ್ಟಿಗೆ ಒಂದು ಗಂಟೆ ಮುಂಚೆ. ಸಂಜೆ ಬಿದ್ರಿ ಅಕ್ಕನ ಅಲ್ಲದ ಚಹಾ. ಗುಳಿಗೆ ನಿಂಬೆ ನೀರಲ್ಲಿ. "ಯಾರು ಬಂದರೂ ಅವರಿಗೆ ಮಾತ್ರ ಚಹಾ, ನಿನಗಿಲ್ಲ" ಅಂದೆ. ಅದಕ್ಕೆ ಮಾತ್ರ ಸುತಾರಾಂ ಒಪ್ಪಲಿಲ್ಲ. ಬಂದವರ ಎದುರು ನಾ ಸುಮ್ನೆ ಕೂತರೆ ಚಂದ ಕಾಣುತ್ತಾ ಅಂತಾಳೆ.

ಗಂಜ್ ಬಸ್ಯಾ
ಅವ್ವನ ಮಾತು ಖರೇ ಅದ. ಅದು ಮರ್ಯಾದೆ ಪ್ರಶ್ನೆ.

ಹಳೇ ಗುಲ್ಬರ್ಗ
ಆಗ ಬಂದವರ ಜೊತೆ ನೀರು ಜಾಸ್ತಿ, ಪುಡಿ ಕಡಿಮೆ ಹಾಕಿದ ಅರ್ಧ ಕಪ್ ಕೊಡಿ. ಅಥವಾ ಚಹಾ ಪುಡಿಯೇ ಇಲ್ಲದೆ ಹಾಲಿಗೆ ಯಾಲಕ್ಕಿ, ಮೊದಲೇ ನೀರಲ್ಲಿ ಕುದಿಸಿದ ಹಸಿ ಅಲ್ಲ ಹಾಕಿ ಕಾಸಿ ಕೊಡಿ. ನಮ್ಮ ಮನೆಯಲ್ಲಿ ಹಾಗೇ ನಡೆದಿದೆ.

ತಿಮ್ಮಾಪುರಿ ಸರ್ಕಲ್
ತಡವಾಗಿ ಬಂದೆ. ಥೈರಾಯ್ಡ್ ಗುಳಿಗೆ ಖಾಲಿ ಹೊಟ್ಟೆಯಲ್ಲಿ ನುಂಗಿ ಕೂಡಲೇ ಚಹಾ ಕುಡಿಯುತ್ತೇನೆ. ನಡೆಯುತ್ತಾ?

ಗುಳಿಗೆ ಅಂಗಡಿ
ನಡೆಯಲ್ಲ. ಬರೀ ನೀರಲ್ಲಿ ನುಂಗಿ, ಅರ್ಧ ಗಂಟೆ, ಆದರೆ ಒಂದು ಗಂಟೆ ಬಿಟ್ಟು ಚಹಾ. ಚಹಾ ಕಾಫಿ ಆ ಗುಳಿಗೆಯನ್ನು ಮೈಗೆ ಸರಿಯಾಗಿ ಹತ್ತಲು ಬಿಡಲ್ಲ. ಆಮೇಲೆ ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಅಳೆಯುವ ಅಂಕಿ) ಇಳಿಯುತ್ತಿಲ್ಲ ಅಂತ ಗುಳಿಗೆಯ ಪವರ್ ಏರಿಸುತ್ತಾ ಹೋಗಬೇಕಾಗುತ್ತದೆ. ಕಬ್ಬಿಣದ ಗುಳಿಗೆಯೂ ಇದ್ದರೆ ಎರಡರ ನಡುವೆ ನಾಲ್ಕು ಗಂಟೆ ಅಂತರ ಇರಲಿ.

ತಿಮ್ಮಾಪುರಿ ಸರ್ಕಲ್
ಒಂದು ಗಂಟೆ ಚಹಾ ಇಲ್ಲದೆ ಕೂರಬೇಕಾ? ಐದಕ್ಕೇ ಏಳಬೇಕು ಹಾಗಾದರೆ.

ಬೀದರ್ ಬಿದ್ರಿ
ಏಳ್ರಿ. ಎದ್ದು ಅಂಗಳ ಗುಡಿಸಿ, ನೀರು ಚಿಮುಕಿಸೋದರೊಳಗೆ ಹೊತ್ತು ಹೋಗಿರುತ್ತದೆ.